ರಾಜ್ಯ ನಾಮನಿರ್ದೇಶಿತ ಕುಶಲ ವಲಸೆ ವೀಸಾ: ಉತ್ತರ ಬೆಂಗಳೂರಿನ ಹಿನ್ನೆಲೆಯಲ್ಲಿ

ರಾಜ್ಯ ನಾಮನಿರ್ದೇಶನ ಎಂಬುದು ಒಕ್ಕೂಟ ವ್ಯವಸ್ಥೆಯುಳ್ಳ ದೇಶದ ಒಂದು ರಾಜ್ಯ ಅಥವಾ ಪ್ರಾಂತ್ಯದ ಸರ್ಕಾರವು ತನಗೆ ಅಗತ್ಯವಿರುವ ವೃತ್ತಿಯಲ್ಲಿ ಪರಿಣತರಾದ ವಿದೇಶಿಯರನ್ನು ಆಯ್ದು, ಅವರಿಗೆ ವೀಸಾ ನೀಡುವಂತೆ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವ ವಿಧಾನವಾಗಿದೆ. ಆಸ್ಟ್ರೇಲಿಯಾದ ಉಪವರ್ಗ 190 ಮತ್ತು ಉಪವರ್ಗ 491 ವೀಸಾಗಳು ಹಾಗೂ ಕೆನಡಾದ ಪ್ರಾಂತೀಯ ನಾಮನಿರ್ದೇಶನ ಕಾರ್ಯಕ್ರಮ ಇದರ ಪ್ರಮುಖ ಉದಾಹರಣೆಗಳು. ನಾಮನಿರ್ದೇಶನ ದೊರೆತರೆ ವೀಸಾ ದೊರೆತಂತೆ ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಆರೋಗ್ಯ, ನಡತೆ ಮತ್ತು ಅರ್ಹತೆಗಳ ಪರಿಶೀಲನೆಯ ನಂತರ ವೀಸಾ ನೀಡುವ ಅಥವಾ ನಿರಾಕರಿಸುವ ಅಧಿಕಾರ ಎರಡೂ ದೇಶಗಳಲ್ಲಿ ಕೇಂದ್ರ ಸರ್ಕಾರದ ಬಳಿಯೇ ಉಳಿದಿದೆ.

ತುಮಕೂರು ರಸ್ತೆಯ ಬದಿಯಲ್ಲಿರುವ ನಾಗಸಂದ್ರದಂತಹ ಬಡಾವಣೆಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿ ಎರಡು ಬಗೆಯ ಕುಶಲ ಕೆಲಸಗಾರರು ಒಂದೇ ಬೀದಿಯಲ್ಲಿ ವಾಸಿಸುತ್ತಾರೆ: ನಗರದ ತಂತ್ರಾಂಶ ಸಂಸ್ಥೆಗಳಿಗೆ ಹೋಗಿಬರುವವರು ಒಂದು ಕಡೆ, ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಶಾಲೆಗಳಲ್ಲಿ ದುಡಿಯುವ ಟರ್ನರ್, ಫಿಟ್ಟರ್, ವೆಲ್ಡರ್‌ಗಳು ಇನ್ನೊಂದು ಕಡೆ. ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಈ ಭಾಗದಲ್ಲಿ ಯಂತ್ರೋಪಕರಣ ಕೌಶಲವನ್ನು ಬೆಳೆಸಿತು. 1970ರ ದಶಕದಿಂದ ಬೆಳೆದ ಪೀಣ್ಯದ ಸಣ್ಣ ಕೈಗಾರಿಕೆಗಳು ಅದನ್ನು ವಿಸ್ತರಿಸಿದವು. 2015ರ ಮೇ 1ರಂದು ನಾಗಸಂದ್ರಕ್ಕೆ ಮೆಟ್ರೊ ಬಂದ ಮೇಲೆ ತಂತ್ರಾಂಶ ವಲಯದವರಿಗೂ ಇಲ್ಲಿ ಮನೆ ಮಾಡುವುದು ಸುಲಭವಾಯಿತು. ಇವರಿಬ್ಬರಿಗೂ ವಿದೇಶದ ದಾರಿ ಕಾಗದದ ಮೇಲೆ ಒಂದೇ ಆಗಿದೆ. ವ್ಯವಹಾರದಲ್ಲಿ ಅದು ಬೇರೆಬೇರೆಯಾಗಿ ತೆರೆದುಕೊಳ್ಳುತ್ತದೆ.

ಸಾಂವಿಧಾನಿಕ ಹಿನ್ನೆಲೆ

ಕೆನಡಾದ 1867ರ ಸಂವಿಧಾನ ಕಾಯಿದೆಯ 95ನೇ ವಿಧಿಯು ಕೃಷಿ ಮತ್ತು ವಲಸೆ ಎರಡನ್ನೂ ಕೇಂದ್ರ ಮತ್ತು ಪ್ರಾಂತ್ಯಗಳ ಸಮವರ್ತಿ ಅಧಿಕಾರಕ್ಕೆ ಒಪ್ಪಿಸಿದೆ. ಆದ್ದರಿಂದ ಅಲ್ಲಿನ ಪ್ರಾಂತ್ಯಗಳು ವಲಸೆಯ ವಿಷಯದಲ್ಲಿ ಹಕ್ಕಿನಿಂದ ಮಾತನಾಡುತ್ತವೆ. ಆಸ್ಟ್ರೇಲಿಯಾದ ಸಂವಿಧಾನದ 51ನೇ ವಿಧಿಯು ವಲಸೆಯ ಕುರಿತು ಶಾಸನ ರಚಿಸುವ ಅಧಿಕಾರವನ್ನು ಕೇಂದ್ರ ಸಂಸತ್ತಿಗೆ ನೀಡಿದೆ. ಅಲ್ಲಿ ರಾಜ್ಯಗಳು ನಾಮನಿರ್ದೇಶನ ಮಾಡುವುದು ಕೇಂದ್ರವು ಪ್ರತಿವರ್ಷ ಹಂಚುವ ಸ್ಥಾನಗಳ ಮಿತಿಯೊಳಗೆ ಮಾತ್ರ. ಭಾರತದ ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಲಸೆ, ಪಾಸ್‌ಪೋರ್ಟ್ ಮತ್ತು ವೀಸಾಗಳು ಕೇಂದ್ರ ಪಟ್ಟಿಯ 19ನೇ ನಮೂದಿನಲ್ಲಿವೆ. ಕೆಲಸಗಾರರನ್ನು ಬರಮಾಡಿಕೊಳ್ಳುವ ದಕ್ಷಿಣ ಆಸ್ಟ್ರೇಲಿಯಾ ಅಥವಾ ಮ್ಯಾನಿಟೋಬಾ ಸರ್ಕಾರಕ್ಕೆ ಈ ವಿಷಯದಲ್ಲಿ ಇರುವ ಸ್ವರ, ಅವರನ್ನು ಓದಿಸಿ ತರಬೇತುಗೊಳಿಸಿದ ಕರ್ನಾಟಕ ಸರ್ಕಾರಕ್ಕೆ ಇಲ್ಲ.

ಆಸ್ಟ್ರೇಲಿಯಾದ ಕ್ರಮ

ರಾಜ್ಯಗಳ ಅಗತ್ಯಕ್ಕೆ ತಕ್ಕಂತೆ ವಲಸಿಗರನ್ನು ಆಯ್ಕೆಮಾಡುವ ವ್ಯವಸ್ಥೆಯು ಆಸ್ಟ್ರೇಲಿಯಾದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ರೂಪುಗೊಂಡಿತು. ಹೊಸದಾಗಿ ಬಂದವರಲ್ಲಿ ಬಹುಪಾಲು ಜನ ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲೇ ನೆಲೆಸುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಪ್ರಸ್ತುತ ಎರಡು ವೀಸಾಗಳು ಈ ಮಾರ್ಗದಲ್ಲಿವೆ. ಉಪವರ್ಗ 190 ಆರಂಭದಿಂದಲೇ ಕಾಯಂ ನಿವಾಸವನ್ನು ನೀಡುತ್ತದೆ. ಉಪವರ್ಗ 491 ಐದು ವರ್ಷಗಳ ತಾತ್ಕಾಲಿಕ ವೀಸಾ. 2019ರ ನವೆಂಬರ್ 16ರಂದು ಹಿಂದಿನ ಉಪವರ್ಗ 489ರ ಸ್ಥಾನದಲ್ಲಿ ಜಾರಿಗೆ ಬಂದ ಇದರಲ್ಲಿ ಮೂರು ವರ್ಷ ನಿಗದಿತ ಪ್ರದೇಶದಲ್ಲಿದ್ದವರು ಉಪವರ್ಗ 191ರ ಮೂಲಕ ಕಾಯಂ ನಿವಾಸಕ್ಕೆ ಅರ್ಜಿ ಸಲ್ಲಿಸಬಹುದು. ಇಲ್ಲಿ 'ಪ್ರಾದೇಶಿಕ' ಎಂದರೆ ಹಳ್ಳಿಗಾಡು ಎಂದು ಭಾವಿಸಬೇಕಾಗಿಲ್ಲ. ಸಿಡ್ನಿ, ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ಮಹಾನಗರಗಳನ್ನು ಬಿಟ್ಟು ಉಳಿದ ಭಾಗವೆಲ್ಲ ಈ ವ್ಯಾಖ್ಯೆಗೆ ಸೇರುತ್ತದೆ. ಪರ್ತ್ ಮತ್ತು ಅಡಿಲೇಡ್‌ಗಳಂತಹ ದೊಡ್ಡ ನಗರಗಳೂ ಅದರಲ್ಲಿವೆ.

ಅರ್ಜಿದಾರರು ಮೊದಲು ತಮ್ಮ ವೃತ್ತಿಯ ಕೌಶಲ ಮೌಲ್ಯಮಾಪನವನ್ನು ಪಡೆದು, ಇಂಗ್ಲಿಷ್ ಪರೀಕ್ಷೆ ಬರೆದು, 'ಸ್ಕಿಲ್‌ಸೆಲೆಕ್ಟ್' ಎಂಬ ಗಣಕ ವ್ಯವಸ್ಥೆಯಲ್ಲಿ ಆಸಕ್ತಿ ಪತ್ರವನ್ನು ದಾಖಲಿಸಬೇಕು. ಇದು ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ರಾಜ್ಯಗಳು ಅದರಿಂದ ತಮಗೆ ಬೇಕಾದವರನ್ನು ಹೆಕ್ಕಿಕೊಳ್ಳುತ್ತವೆ. ಕೆಲವು ರಾಜ್ಯಗಳು ಇದಲ್ಲದೆ ತಮ್ಮದೇ ಪ್ರತ್ಯೇಕ ಅರ್ಜಿಯನ್ನೂ ಕೇಳುತ್ತವೆ. ನಾಮನಿರ್ದೇಶನವಾದ ನಂತರ ಬರುವ ಆಹ್ವಾನದ ದಿನದಿಂದ 60 ದಿನಗಳೊಳಗೆ ವೀಸಾ ಅರ್ಜಿಯನ್ನು ಸಲ್ಲಿಸಬೇಕಾಗುತ್ತದೆ.

ಜುಲೈಯಿಂದ ಜೂನ್‌ವರೆಗಿನ ಪ್ರತಿ ಕಾರ್ಯಕ್ರಮ ವರ್ಷಕ್ಕೂ ಸ್ಥಾನಗಳ ಹಂಚಿಕೆ ಹೊಸದಾಗಿ ನಡೆಯುತ್ತದೆ. 2024–25ರಲ್ಲಿ ಎಲ್ಲ ರಾಜ್ಯ ಮತ್ತು ಪ್ರಾಂತ್ಯಗಳಿಗೆ ಸೇರಿ 26,260 ನಾಮನಿರ್ದೇಶನಗಳು ದೊರೆತವು. ಇವುಗಳಲ್ಲಿ ಉಪವರ್ಗ 190ರ ಪಾಲು 16,500, ಉಪವರ್ಗ 491ರ ಪಾಲು 9,760. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳಿಗೆ ತಲಾ 5,000, ದಕ್ಷಿಣ ಆಸ್ಟ್ರೇಲಿಯಾಕ್ಕೆ 3,800 ಸ್ಥಾನಗಳು ಸಿಕ್ಕರೆ, ಜನಸಂಖ್ಯೆಯಲ್ಲಿ ಮೂರನೆಯ ದೊಡ್ಡ ರಾಜ್ಯವಾದ ಕ್ವೀನ್ಸ್‌ಲ್ಯಾಂಡ್‌ಗೆ ಸಿಕ್ಕಿದ್ದು ಕೇವಲ 1,200. ಈ ಸಂಖ್ಯೆಗಳು ಇಡೀ ಜಗತ್ತಿನ ಅರ್ಜಿದಾರರಿಗೆ ಸಂಬಂಧಿಸಿದವು, ಮತ್ತು ಇವುಗಳಲ್ಲಿ ಹೆಚ್ಚಿನ ಪಾಲು ಈಗಾಗಲೇ ಆಸ್ಟ್ರೇಲಿಯಾದಲ್ಲಿ ಓದುತ್ತಿರುವ ಅಥವಾ ಕೆಲಸ ಮಾಡುತ್ತಿರುವವರಿಗೆ ಸಲ್ಲುತ್ತದೆ. ಬೆಂಗಳೂರಿನಿಂದಲೇ ಅರ್ಜಿ ಹಾಕುವವರು ಸಂಖ್ಯೆಯನ್ನು ನೋಡುವ ಮೊದಲು, ದೇಶದ ಹೊರಗಿರುವವರಿಗೆ ಆ ರಾಜ್ಯವು ಆ ವರ್ಷ ಬಾಗಿಲು ತೆರೆದಿದೆಯೇ ಎಂಬುದನ್ನು ನೋಡಬೇಕಾಗುತ್ತದೆ.

ಅಂಕಗಳ ಲೆಕ್ಕ

ಎರಡೂ ವೀಸಾಗಳಿಗೆ ಕನಿಷ್ಠ 65 ಅಂಕಗಳು ಬೇಕು ಮತ್ತು ಆಹ್ವಾನದ ದಿನ 45 ವರ್ಷ ತುಂಬಿರಬಾರದು. ನಾಮನಿರ್ದೇಶನದಿಂದ ಉಪವರ್ಗ 190ರಲ್ಲಿ 5, ಉಪವರ್ಗ 491ರಲ್ಲಿ 15 ಅಂಕಗಳು ಸೇರುತ್ತವೆ.

ಎಂಜಿನಿಯರಿಂಗ್ ಪದವಿ ಪಡೆದು ಹತ್ತು ವರ್ಷ ತಂತ್ರಾಂಶ ಕ್ಷೇತ್ರದಲ್ಲಿ ದುಡಿದಿರುವ 33 ವರ್ಷದ ವಿವಾಹಿತರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸಿಗೆ 25, ಪದವಿಗೆ 15 ಅಂಕ. ಅನುಭವವನ್ನು ಮೌಲ್ಯಮಾಪನ ಮಾಡುವ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯು ಪದವಿಗೂ ವೃತ್ತಿಗೂ ನಿಕಟ ಸಂಬಂಧವಿದ್ದಾಗಲೂ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳನ್ನು ಕಳೆದೇ ಲೆಕ್ಕ ಹಿಡಿಯುತ್ತ ಬಂದಿದೆ. ಉಳಿದ ಎಂಟು ವರ್ಷಗಳಿಗೆ 15 ಅಂಕ. ಐಇಎಲ್‌ಟಿಎಸ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 7 ಬಂದರೆ 10 ಅಂಕ. ಒಟ್ಟು 65. ನಾಲ್ಕರಲ್ಲೂ 8 ಬಂದರೆ ಇಂಗ್ಲಿಷಿನ ಅಂಕ 20ಕ್ಕೇರಿ ಮೊತ್ತ 75 ಆಗುತ್ತದೆ. ಸಂಗಾತಿಯು ಮೌಲ್ಯಮಾಪನಗೊಂಡ ಕೌಶಲ ಹೊಂದಿದ್ದರೆ 10, ಇಂಗ್ಲಿಷ್ ಪರೀಕ್ಷೆಯನ್ನು ಮಾತ್ರ ತೃಪ್ತಿಕರವಾಗಿ ಮುಗಿಸಿದ್ದರೆ 5 ಅಂಕ ಹೆಚ್ಚುತ್ತದೆ. 65 ಎಂಬುದು ಅರ್ಹತೆಯ ಮಿತಿ ಮಾತ್ರ; ತಂತ್ರಾಂಶ ವೃತ್ತಿಗಳಲ್ಲಿ ಆಹ್ವಾನಗಳು ಅದಕ್ಕಿಂತ ಬಹಳ ಮೇಲಿನ ಅಂಕದವರಿಗೆ ಹೋಗುತ್ತಿರುವುದರಿಂದ ಉಪವರ್ಗ 491ರ 15 ಅಂಕಗಳೇ ಅನೇಕರಿಗೆ ಉಳಿದಿರುವ ಆಸರೆ.

ಈ ಲೆಕ್ಕದಲ್ಲಿ ಕಾಲವೇ ದೊಡ್ಡ ಶತ್ರು. 32ನೇ ವರ್ಷದವರೆಗೆ ವಯಸ್ಸಿಗೆ 30 ಅಂಕವಿದ್ದರೆ, 33ಕ್ಕೆ ಅದು 25 ಆಗುತ್ತದೆ, 40ಕ್ಕೆ 15ಕ್ಕೆ ಇಳಿಯುತ್ತದೆ. ಅಂಕಗಳು ಆಹ್ವಾನದ ದಿನಕ್ಕೆ ಲೆಕ್ಕವಾಗುವುದರಿಂದ, ರಾಜ್ಯವೊಂದು ತನ್ನ ಪಟ್ಟಿಯನ್ನು ತೆರೆಯಲು ತೆಗೆದುಕೊಳ್ಳುವ ವಿಳಂಬದಿಂದ ಅರ್ಜಿದಾರರ ಅಂಕ ಕರಗಬಹುದು. 40ನೆಯ ಹುಟ್ಟುಹಬ್ಬದಂದು ಹೋಗುವ 10 ಅಂಕ, ಉಪವರ್ಗ 190ರ ನಾಮನಿರ್ದೇಶನ ಕೊಡುವ 5 ಅಂಕಗಳ ಎರಡರಷ್ಟು. ವಿಳಂಬಕ್ಕೆ ಕಾರಣವಾದ ಸರ್ಕಾರಕ್ಕೆ ಇದರಿಂದ ಯಾವ ನಷ್ಟವೂ ಇಲ್ಲ. ನಾಮನಿರ್ದೇಶನವು ಹಕ್ಕಲ್ಲ, ಸರ್ಕಾರದ ವಿವೇಚನೆಗೆ ಬಿಟ್ಟದ್ದು.

ಪೀಣ್ಯದ ಕುಶಲಕರ್ಮಿಗಳು ಮತ್ತು ದಾಖಲೆಯ ಪ್ರಶ್ನೆ

ಲೋಹಯಂತ್ರ ಕೆಲಸಗಾರ, ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮೊದಲಾದ ವೃತ್ತಿಗಳು ಆಸ್ಟ್ರೇಲಿಯಾದ ಕುಶಲ ವೃತ್ತಿ ಪಟ್ಟಿಯಲ್ಲಿವೆ, ಮತ್ತು ಅಲ್ಲಿನ ಹಲವು ರಾಜ್ಯಗಳು ಕಟ್ಟಡ ಹಾಗೂ ತಯಾರಿಕಾ ವಲಯಗಳಲ್ಲಿ ಇಂತಹವರ ಕೊರತೆಯನ್ನು ಬಹಿರಂಗವಾಗಿ ಹೇಳಿಕೊಳ್ಳುತ್ತವೆ. ಬೇಡಿಕೆಯ ದೃಷ್ಟಿಯಿಂದ ನೋಡಿದರೆ ಪೀಣ್ಯದ ಅನುಭವಿ ಟರ್ನರ್‌ಗೆ ಪಕ್ಕದ ಮನೆಯ ತಂತ್ರಾಂಶ ಎಂಜಿನಿಯರ್‌ಗಿಂತ ಹೆಚ್ಚಿನ ಅವಕಾಶವಿರಬೇಕು.

ಅಡ್ಡಿಯಾಗುವುದು ಕೌಶಲವಲ್ಲ, ಅದರ ಪುರಾವೆ. ಈ ವೃತ್ತಿಗಳ ಮೌಲ್ಯಮಾಪನವನ್ನು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆಯ ಕಾರ್ಯಕ್ರಮಗಳ ಮೂಲಕ ಮಾಡಲಾಗುತ್ತದೆ. ಮೊದಲು ದಾಖಲೆಗಳ ಪರಿಶೀಲನೆ, ನಂತರ ವೃತ್ತಿಗೆ ಅನುಗುಣವಾಗಿ ತಾಂತ್ರಿಕ ಸಂದರ್ಶನ ಅಥವಾ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಐಟಿಐ ಪ್ರಮಾಣಪತ್ರ ಇದ್ದವರೂ ಉದ್ಯೋಗದಾತರ ಪತ್ರ, ವೇತನ ಚೀಟಿ, ಬ್ಯಾಂಕ್ ವಿವರ, ತೆರಿಗೆ ಅಥವಾ ಭವಿಷ್ಯನಿಧಿಯ ದಾಖಲೆಗಳಿಂದ ತಮ್ಮ ಕೆಲಸದ ವರ್ಷಗಳನ್ನು ತೋರಿಸಬೇಕು. ಐದಾರು ಜನರಿರುವ ಯಂತ್ರಶಾಲೆಯಲ್ಲಿ ವಾರದ ಕೂಲಿಯನ್ನು ನಗದಾಗಿ ಪಡೆದು, ಮಾಲೀಕನ ಬಾಯಿಮಾತಿನ ಮೇಲೆ ಹದಿನೈದು ವರ್ಷ ಲೇತ್ ನಡೆಸಿದವರ ಬಳಿ ಇವುಗಳಲ್ಲಿ ಒಂದೂ ಇರುವುದಿಲ್ಲ. ದೊಡ್ಡ ಸಂಸ್ಥೆಯಲ್ಲಿ ಮೂರು ವರ್ಷ ತರಬೇತಿ ಪಡೆದ ಯುವಕನ ಕಡತ ಅವರ ಕಡತಕ್ಕಿಂತ ಬಲವಾಗಿರುತ್ತದೆ. ಮೈಕ್ರೋಮೀಟರ್ ಹಿಡಿದಾಗ ಇಬ್ಬರ ಪೈಕಿ ಯಾರು ಮೇಲು ಎಂಬುದು ಬೇರೆ ಮಾತು. ಇದರ ಮೇಲೆ ಇಂಗ್ಲಿಷ್ ಪರೀಕ್ಷೆಯೂ ಇದೆ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಅದರ ಬರವಣಿಗೆಯ ವಿಭಾಗ ಸುಲಭವಲ್ಲ.

ಕೆನಡಾದ ಏರಿಳಿತ

ಕೆನಡಾದಲ್ಲಿ ಪ್ರಾಂತೀಯ ನಾಮನಿರ್ದೇಶನವನ್ನು ಮೊದಲು ಆರಂಭಿಸಿದ ಪ್ರಾಂತ್ಯಗಳಲ್ಲಿ ಮ್ಯಾನಿಟೋಬಾ ಪ್ರಮುಖವಾದುದು. ಅದರ ಕಾರ್ಯಕ್ರಮ 1998ರಲ್ಲಿ ಜಾರಿಗೆ ಬಂದಿತು. ಕ್ವಿಬೆಕ್ ಇದರ ಹೊರಗಿದ್ದು, 1991ರ ಒಪ್ಪಂದದಂತೆ ತನ್ನ ಕುಶಲ ವಲಸಿಗರನ್ನು ತಾನೇ ಆಯ್ಕೆಮಾಡುತ್ತದೆ. 2015ರ ಜನವರಿಯಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಪ್ರಾಂತ್ಯದ ನಾಮನಿರ್ದೇಶನಕ್ಕೆ 600 ಅಂಕಗಳಿವೆ. ಗರಿಷ್ಠ ಅಂಕ 1,200 ಆಗಿರುವುದರಿಂದ ನಾಮನಿರ್ದೇಶನವಾದರೆ ಆಹ್ವಾನ ಬಹುತೇಕ ಖಚಿತ.

ಅಷ್ಟೇ ವೇಗದಲ್ಲಿ ಬಾಗಿಲು ಮುಚ್ಚಲೂಬಹುದು ಎಂಬುದು 2025ರಲ್ಲಿ ಸ್ಪಷ್ಟವಾಯಿತು. ಈ ಕಾರ್ಯಕ್ರಮದ ಮೂಲಕ ಕಾಯಂ ನಿವಾಸ ನೀಡುವ ರಾಷ್ಟ್ರೀಯ ಗುರಿಯು 2024ರಲ್ಲಿ 1,10,000 ಇತ್ತು. ವಸತಿ ಅಭಾವ ಮತ್ತು ಜನಸಂಖ್ಯೆಯ ಒತ್ತಡದ ಕಾರಣ ನೀಡಿ 2025ಕ್ಕೆ ಅದನ್ನು 55,000ಕ್ಕೆ ಇಳಿಸಲಾಯಿತು. ಪ್ರಾಂತ್ಯಗಳ ಪಾಲೂ ಅರ್ಧದಷ್ಟಾಯಿತು. ಸಸ್ಕ್ಯಾಚವನ್‌ಗೆ ವರ್ಷಾರಂಭದಲ್ಲಿ ದೊರೆತದ್ದು 3,625 ಸ್ಥಾನಗಳು, ಅದರಲ್ಲೂ ಮುಕ್ಕಾಲು ಭಾಗವನ್ನು ಈಗಾಗಲೇ ಕೆನಡಾದಲ್ಲಿರುವ ತಾತ್ಕಾಲಿಕ ನಿವಾಸಿಗಳಿಗೇ ಮೀಸಲಿಡಬೇಕೆಂಬ ಷರತ್ತಿತ್ತು. 2026ರ ಗುರಿಯನ್ನು ಮತ್ತೆ 91,500ಕ್ಕೆ ಏರಿಸಲಾಗಿದೆ. ಮೂರು ವರ್ಷಗಳಲ್ಲಿ ಇಷ್ಟು ಏರಿಳಿಯುವ ಸಂಖ್ಯೆಯನ್ನು ನಂಬಿ ಮನೆ ಮಾರುವುದು ಅಥವಾ ಸಾಲ ಮಾಡುವುದು ಅಪಾಯಕರ. ಈ ಕಡಿತದಲ್ಲಿ ಹೆಚ್ಚು ಪೆಟ್ಟು ತಿಂದವರು ಕೆನಡಾದ ನೆಲದಲ್ಲಿ ಇನ್ನೂ ಕಾಲಿಡದ ಅರ್ಜಿದಾರರು.

ವಾಸದ ಬಾಧ್ಯತೆ

ನಾಮನಿರ್ದೇಶನ ಮಾಡಿದ ಪ್ರದೇಶದಲ್ಲಿ ನೆಲೆಸಬೇಕೆಂಬ ನಿಬಂಧನೆಯ ಬಲ ಒಂದೊಂದು ಕಡೆ ಒಂದೊಂದು ಬಗೆ. ಉಪವರ್ಗ 190ರಲ್ಲಿ ಸಾಮಾನ್ಯವಾಗಿ ಎರಡು ವರ್ಷ ಆ ರಾಜ್ಯದಲ್ಲಿರುವುದಾಗಿ ಮಾತು ಕೊಡಲಾಗುತ್ತದೆ. ಅದು ವೀಸಾದ ಷರತ್ತಲ್ಲ. ಉಪವರ್ಗ 491ರಲ್ಲಿ 8579 ಸಂಖ್ಯೆಯ ಷರತ್ತು ಇದ್ದು, ನಿಗದಿತ ಪ್ರದೇಶದ ಹೊರಗೆ ವಾಸಿಸಿ ದುಡಿದರೆ ವೀಸಾ ರದ್ದಾಗಬಹುದು, ಕಾಯಂ ನಿವಾಸದ ದಾರಿಯೂ ಮುಚ್ಚಬಹುದು. ಕೆನಡಾದಲ್ಲಿ ಹಕ್ಕುಗಳ ಸನ್ನದಿನ 6ನೇ ವಿಧಿಯು ಕಾಯಂ ನಿವಾಸಿಗಳಿಗೆ ಯಾವುದೇ ಪ್ರಾಂತ್ಯಕ್ಕೆ ಹೋಗಿ ಜೀವನೋಪಾಯ ಕಂಡುಕೊಳ್ಳುವ ಹಕ್ಕನ್ನು ನೀಡಿದೆ. ಆದರೆ ಅರ್ಜಿಯ ಹಂತದಲ್ಲೇ ಆ ಪ್ರಾಂತ್ಯದಲ್ಲಿ ನೆಲೆಸುವ ಉದ್ದೇಶ ಇರಲಿಲ್ಲ ಎಂದು ಕಂಡುಬಂದರೆ ಅದು ತಪ್ಪು ಮಾಹಿತಿ ನೀಡಿದ ಆರೋಪಕ್ಕೆ ಎಡೆಮಾಡಬಹುದು.

ಮಧ್ಯವರ್ತಿಗಳು

ವಿದೇಶಿ ಉದ್ಯೋಗದಾತರಿಗಾಗಿ ಭಾರತದಲ್ಲಿ ನೇಮಕಾತಿ ಮಾಡುವವರು 1983ರ ವಲಸೆ ಕಾಯಿದೆಯಡಿ ನೋಂದಾಯಿಸಿಕೊಳ್ಳಬೇಕು. ಅವರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ಅಂಕಾಧಾರಿತ ವೀಸಾದಲ್ಲಿ ಉದ್ಯೋಗದಾತರೇ ಇಲ್ಲದಿರುವುದರಿಂದ ಅದಕ್ಕೆ ಸಲಹೆ ನೀಡುವ ಸಂಸ್ಥೆಗಳ ಶುಲ್ಕ ಈ ಮಿತಿಗೆ ಒಳಪಡುವುದಿಲ್ಲ. ಕೆನಡಾದ ಕಾನೂನಿನ ಪ್ರಕಾರ ಹಣ ಪಡೆದು ಅರ್ಜಿದಾರರನ್ನು ಪ್ರತಿನಿಧಿಸುವವರು ವಕೀಲರಾಗಿರಬೇಕು ಅಥವಾ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಹೊಂದಿರಬೇಕು. ಆಸ್ಟ್ರೇಲಿಯಾದೊಳಗೆ ಸಲಹೆ ನೀಡುವವರಿಗೆ ನೋಂದಣಿ ಅಥವಾ ವಕೀಲಿಕೆ ಕಡ್ಡಾಯ; ದೇಶದ ಹೊರಗೆ ಕುಳಿತವರಿಗೆ ಅಲ್ಲ. ನೋಂದಾಯಿತರ ಹೆಸರುಗಳನ್ನು ಎರಡೂ ದೇಶಗಳ ಅಧಿಕೃತ ಜಾಲತಾಣಗಳಲ್ಲಿ ಉಚಿತವಾಗಿ ಪರಿಶೀಲಿಸಬಹುದು. 'ನಾಮನಿರ್ದೇಶನ ಖಾತರಿ' ಎಂದು ಯಾರಾದರೂ ಮುಂಗಡ ಕೇಳಿದರೆ, ಆ ಖಾತರಿಯನ್ನು ಕೊಡುವ ಅಧಿಕಾರ ಯಾವ ಸಲಹೆಗಾರನಿಗೂ ಇಲ್ಲ.

ಕರ್ನಾಟಕದ ಪಾತ್ರ

ರಾಜ್ಯದ ಕೌಶಲಾಭಿವೃದ್ಧಿ ಇಲಾಖೆಯ ಅಧೀನದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ–ಕರ್ನಾಟಕ ಎಂಬ ಘಟಕವಿದ್ದು, ವಿದೇಶಿ ಉದ್ಯೋಗದಾತರಿಂದ ಬೇಡಿಕೆ ಬಂದಾಗ ಶುಶ್ರೂಷಕರು, ಚಾಲಕರು ಮೊದಲಾದವರನ್ನು ಕಳುಹಿಸುವ ಕೆಲಸದಲ್ಲಿ ತೊಡಗಿದೆ. ಅದು ಉದ್ಯೋಗಾಧಾರಿತ ಮಾರ್ಗ. ನಾಮನಿರ್ದೇಶನದ ಹಾದಿಯಲ್ಲಿ ಹೋಗುವವರು ವಿಶ್ವವಿದ್ಯಾಲಯದ ಅಂಕಪಟ್ಟಿಯಿಂದ ಪೊಲೀಸ್ ಪ್ರಮಾಣಪತ್ರದವರೆಗೆ ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕಾಗುತ್ತದೆ. ಸಣ್ಣ ಕೈಗಾರಿಕೆಗಳಲ್ಲಿ ಕಲಿತ ಕೌಶಲಕ್ಕೆ ರಾಜ್ಯವೇ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವುದು ಮತ್ತು ನೇಮಕಾತಿ ಪತ್ರ, ವೇತನ ಚೀಟಿಗಳನ್ನು ಕಡ್ಡಾಯವಾಗಿ ಕೊಡಿಸುವುದು ಕೇಂದ್ರ ಪಟ್ಟಿಗೆ ಸೇರಿದ ವಿಷಯಗಳಲ್ಲ. ಹೊರದೇಶಕ್ಕೆ ಹೋಗದೆ ಪೀಣ್ಯದಲ್ಲೇ ಉಳಿಯುವ ಕೆಲಸಗಾರನಿಗೂ ಭವಿಷ್ಯನಿಧಿ, ಇಎಸ್‌ಐ ಮತ್ತು ಬ್ಯಾಂಕ್ ಸಾಲಕ್ಕೆ ಬೇಕಾಗುವುದು ಇವೇ ಕಾಗದಗಳು.