ಭೂಮಣ್ಣಿ ಬುಟ್ಟಿ ಹೊತ್ತು ಎಲ್ಲಿಗೆ ಹೋಗೋಣ?

ಕಳೆದ ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಚಿಕ್ಕಪ್ಪನ ಮನೆಯವರು ಭೂಮಣ್ಣಿ ಬುಟ್ಟಿ ಹೊತ್ತು ಹೋಗಿದ್ದು ಗದ್ದೆಗಲ್ಲ, ಎರಡು ವರ್ಷದ ಅಡಿಕೆ ಸಸಿಗಳ ನಡುವೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಚಿಕ್ಕಮ್ಮ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿದ್ದರು. ಹೊಡೆ ತುಂಬಿದ ಭತ್ತವನ್ನು ಬಸುರಿಯೆಂದು ತಿಳಿದು ಬಯಕೆ ಊಟ ಉಣಿಸುವ ಹಬ್ಬವದು. ‘ಈ ಸಸಿಗೆ ಎಂಥ ಬಯಕೆ?’ ಎಂದು ಅಜ್ಜಿ ಗೊಣಗಿದಾಗ ಎಲ್ಲರೂ ನಕ್ಕೆವು. ಈಗ ನಗು ಬರುತ್ತಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಗದ್ದೆಗೂ ಜೆಸಿಬಿ ತರಿಸುವ ಮಾತು ನಡೆದಿದೆ.

ಅಪ್ಪನ ಲೆಕ್ಕ ತಪ್ಪಲ್ಲ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ರಾಶಿ ಅಡಿಕೆಗೆ ಅರ್ಧ ಲಕ್ಷದ ಆಸುಪಾಸು. ನಾಟಿಗೆ ಜನವಿಲ್ಲ, ಕೊಯ್ಲಿಗೆ ಮುಂಚೆ ಹಂದಿಗಳ ಕಾಟ. ‘ನಿನ್ನ ಕಾಲೇಜು ಫೀಸನ್ನು ಭತ್ತ ಕಟ್ಟುತ್ತಾ?’ ಎಂದರೆ ನನ್ನಲ್ಲಿ ಉತ್ತರವಿಲ್ಲ. ಹಾಗಾಗಿ ಅಡಿಕೆ ಬೆಳೆಗಾರರನ್ನು ಬೈಯುವ ಪರಿಸರ ಭಾಷಣಗಳು ನನಗೆ ಹಿಡಿಸುವುದಿಲ್ಲ.

ಆದರೂ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಏನು ಮಾಡಿತೆಂದು ಕಂಡ ಮೇಲೂ ಇರುವುದೆಲ್ಲವನ್ನೂ ಒಂದೇ ಬೆಳೆಗೆ ಒಪ್ಪಿಸುವುದು ಹೇಗೆ? ಗದ್ದೆಗೆ ಬಸಿಗಾಲುವೆ ತೋಡಿದರೆ ಮಳೆಗಾಲದಲ್ಲಿ ನಿಂತು ಇಂಗುತ್ತಿದ್ದ ನೀರು ಹರಿದುಹೋಗುತ್ತದೆ. ತೋಟವಾದದ್ದನ್ನು ಮತ್ತೆ ಗದ್ದೆ ಮಾಡಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಕಡೆಯವರಿಗೆ ಗದ್ದೆ ಕಳೆದುಕೊಳ್ಳುವುದು ಹೊಸದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿ ಕಣಿವೆಯ ಗದ್ದೆಗಳನ್ನು ಮುಳುಗಿಸಿತು. ಅದಕ್ಕೂ ಮುಂಚೆ, 1951ರಲ್ಲಿ, ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಭತ್ತ ಅಳೆಯುವ ಕೊಳಗದ ವಿಚಾರಕ್ಕೆ. ಗೇಣಿ ವಸೂಲಿಗೆ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದಿತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಯಾರ ಕೈಯಲ್ಲಿರಬೇಕು ಎಂಬ ಜಗಳವದು. ಅದು ಮುಗಿದಂತೆ ನನಗೆ ಕಾಣುವುದಿಲ್ಲ. ಇವತ್ತು ಭತ್ತದ ಬೆಲೆ ಗೊತ್ತಾಗುವುದು ದೆಹಲಿಯಲ್ಲಿ. ಭತ್ತ ಬೆಳೆಯುವ ಊರಿನ ರೇಷನ್ ಅಂಗಡಿಗೂ ಅಕ್ಕಿ ಬರುವುದು ಆಹಾರ ನಿಗಮದ ಗೋದಾಮಿನಿಂದ.

ರಾಜ್ಯ ಸರ್ಕಾರ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನೂ ಉತ್ತರದಲ್ಲಿ ಜೋಳವನ್ನೂ ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚಿದೆ. ಮಲೆನಾಡಿನ ಅಕ್ಕಿಗೆ ಯಾಕಾಗದು? ಹೋಬಳಿಯಲ್ಲೇ ಖರೀದಿಸಿ, ಇಲ್ಲೇ ಗಿರಣಿಗೆ ಹಾಕಿಸಿ, ಮೊದಲು ಇಲ್ಲಿನ ಶಾಲೆ, ಅಂಗನವಾಡಿಗಳಿಗೆ ಕೊಡಲಿ. ಕೇರಳ 2020ರಲ್ಲಿ ಭತ್ತದ ಗದ್ದೆ ಉಳಿಸಿಕೊಂಡವರಿಗೆ ವರ್ಷಕ್ಕೆ ಹೆಕ್ಟೇರಿಗೆ 2,000 ರೂಪಾಯಿ ರಾಯಧನ ಕೊಡಲು ಶುರು ಮಾಡಿತು. ಮೊತ್ತ ಸಣ್ಣದು, ಅಪ್ಪ ಕೇಳಿದರೆ ನಕ್ಕಾರು. ಆದರೆ ಗದ್ದೆ ಹಿಡಿದಿಡುವ ನೀರಿಗೂ ಒಂದು ಬೆಲೆಯಿದೆ ಎಂದು ಒಂದು ಸರ್ಕಾರ ಒಪ್ಪಿಕೊಂಡಿತಲ್ಲ! ನಮ್ಮಲ್ಲಿ ಅದನ್ನು ಇನ್ನಷ್ಟು ಹೆಚ್ಚಿಸಿ ಕೊಡಬಾರದೇ?

ಕೊಳ್ಳುವವರು ಸರ್ಕಾರವೇ ಆಗಬೇಕೆಂದೂ ಇಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಗೋಜಿಲ್ಲದೆ ಜನ ಸಿಗಂದೂರಿಗೆ ಬರುತ್ತಿದ್ದಾರೆ. ದೇವಿಯ ದರ್ಶನ ಮುಗಿಸಿದವರಿಗೆ ಹಸಿವಾಗುತ್ತದೆ. ರಸ್ತೆ ಬದಿಯಲ್ಲಿ ಗೋಬಿ ಮಂಚೂರಿ, ಫ್ರೈಡ್ ರೈಸ್ ಸಿಗುತ್ತವೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ನಮ್ಮ ಗದ್ದೆಯ ಅಕ್ಕಿಯ ಕಡುಬು ಮಾತ್ರ ನಮ್ಮ ಅಡುಗೆ ಮನೆ ದಾಟಿಲ್ಲ. ಅಮ್ಮ ಮತ್ತು ಪಕ್ಕದ ಮನೆಯ ಅತ್ತೆ ಸೇರಿ ವಾರಕ್ಕೆರಡು ದಿನ ಕಡುಬು ಮಾರುತ್ತೇವೆ ಎಂದಾಗ ಅಪ್ಪ, ‘ಅದಕ್ಕೆಷ್ಟು ಅಕ್ಕಿ ಬೇಕು?’ ಎಂದು ಕೇಳಿದರು. ಬೇಡ ಅನ್ನಲಿಲ್ಲ, ಲೆಕ್ಕ ಕೇಳಿದರು.

ಲೆಕ್ಕ ಹಾಕಿ ಕೊಟ್ಟಿದ್ದೇನೆ. ಇಡೀ ಗದ್ದೆ ಉಳಿಯುವಷ್ಟೇನೂ ಅದರಲ್ಲಿಲ್ಲ, ಕೆಳಗಿನ ಎರಡು ಗದ್ದೆ ಉಳಿಯಬಹುದು. ಅಪ್ಪ ಇನ್ನೂ ಹೂಂ ಅಂದಿಲ್ಲ. ಜೆಸಿಬಿಯವನಿಗೆ ಮುಂಗಡವನ್ನೂ ಕೊಟ್ಟಿಲ್ಲ.