ದವಡೆ ನೋವಿಗೆ ಸ್ಪ್ಲಿಂಟ್: ಗುರಾಣಿ ಹೌದು, ಮದ್ದಲ್ಲ

ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುವುದು, ರೊಟ್ಟಿ ಅಗಿಯುವಾಗ ಕಿವಿಯ ಮುಂದೆ ‘ಟಕ್’ ಎನ್ನುವುದು, ಆಕಳಿಸಿದರೆ ನೋಯುವುದು ಅನೇಕ ಮನೆಗಳಲ್ಲಿರುವ ತೊಂದರೆ. ಯುವತಿಯರಲ್ಲಿ ಮತ್ತು ನಡುವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚು. ನೋವು ಕಿವಿಯ ಬಳಿ ಇರುವುದರಿಂದ ಕಿವಿಗೆ ಹನಿ ಹಾಕಿಕೊಂಡು, ತಲೆನೋವಿನ ಮಾತ್ರೆ ನುಂಗಿ ತಿಂಗಳುಗಟ್ಟಲೆ ದೂಡುವವರಿದ್ದಾರೆ. ಕೊನೆಗೆ ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ಸು ಹತ್ತಿ ರಾಯಚೂರಿನ ದಂತವೈದ್ಯರ ಬಳಿ ಬಂದಾಗ ‘ಸ್ಪ್ಲಿಂಟ್ ಹಾಕಿಸಿಕೊಳ್ಳಿ’ ಎಂಬ ಸಲಹೆ ಸಿಗಬಹುದು. ಹಣ ಕೊಡುವ ಮೊದಲು ಅದೇನು, ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಸ್ಪ್ಲಿಂಟ್ ಎಂದರೆ ಹಲ್ಲುಗಳ ಅಚ್ಚು ತೆಗೆದು ಅಕ್ರಿಲಿಕ್‌ನಲ್ಲಿ ಮಾಡುವ ತೆಳುವಾದ ತಟ್ಟೆ. ಮೇಲಿನ ಅಥವಾ ಕೆಳಗಿನ ಹಲ್ಲುಗಳ ಮೇಲೆ ಕೂರಿಸಿ, ಹೆಚ್ಚಾಗಿ ರಾತ್ರಿ ಮಲಗುವಾಗ ಧರಿಸುತ್ತಾರೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಹಲ್ಲುಗಳನ್ನು ಸವೆತದಿಂದ ಕಾಪಾಡುತ್ತದೆ. ಆದರೆ ದವಡೆ ಕೀಲಿನ ನೋವನ್ನು ಗುಣಪಡಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. 2023ರ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಮಾರ್ಗಸೂಚಿಯು, ದೀರ್ಘಕಾಲದ ದವಡೆ ನೋವಿಗೆ ದವಡೆಯ ವ್ಯಾಯಾಮ, ತಜ್ಞರ ನೆರವಿನಿಂದ ಕೀಲನ್ನು ಸಡಿಲಿಸುವುದು, ಕತ್ತಿನ ಭಂಗಿ ಸರಿಪಡಿಸುವುದು ಮತ್ತು ಮನಸ್ಸಿನ ಒತ್ತಡ ನಿಭಾಯಿಸುವ ಚಿಕಿತ್ಸೆಗಳನ್ನು ಬಲವಾಗಿ ಶಿಫಾರಸು ಮಾಡಿತು. ತೆಗೆದು ಹಾಕುವಂಥ ಸ್ಪ್ಲಿಂಟನ್ನು ಮೊದಲ ಆಯ್ಕೆಯಾಗಿ ಅದು ಒಪ್ಪಲಿಲ್ಲ. ಹಲ್ಲಿನ ಜೋಡಣೆಯನ್ನೇ ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್ ಬೇಡವೇ ಬೇಡ ಎಂದಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಸ್ಪ್ಲಿಂಟ್ ಕೊನೆಯಲ್ಲಿ ಬರಲಿ, ಆರೈಕೆ ಮೊದಲು ಬರಲಿ. ಹೆಚ್ಚಿನವರ ನೋವು ಕೆಲವು ವಾರಗಳ ಸರಳ ಆರೈಕೆಯಲ್ಲೇ ತಗ್ಗುತ್ತದೆ. ನೋವಿಲ್ಲದ ಬರೀ ‘ಟಕ್’ ಸದ್ದಿಗೆ ಚಿಕಿತ್ಸೆಯೇ ಬೇಡ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕೆಲವು ವಾರ ಕಡಕ್ ರೊಟ್ಟಿ, ಕಬ್ಬು, ಬಿರಿಯಾನಿಯ ಎಲುಬು ಕಡಿಯುವುದನ್ನು ಬಿಟ್ಟು, ಮೆತ್ತಗಿನ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಬಿಸಿ ಬಟ್ಟೆಯ ಶಾಖವನ್ನು ದಿನಕ್ಕೆ ಎರಡು ಬಾರಿ ಹತ್ತು ಹದಿನೈದು ನಿಮಿಷ ಕೊಡಿ. ಊಟದ ಹೊತ್ತು ಬಿಟ್ಟರೆ ತುಟಿ ಮುಚ್ಚಿರಲಿ, ಹಲ್ಲುಗಳು ಮಾತ್ರ ಒಂದಕ್ಕೊಂದು ತಾಗದಿರಲಿ. ಆಕಳಿಕೆಯನ್ನು ಆದಷ್ಟು ತಡೆಯಬೇಕು, ಬಾಯಿಗೆ ಕೈ ಅಡ್ಡ ಹಿಡಿಯಬೇಕು ಎಂಬುದು ಪ್ರವಾದಿ(ಸ)ಯವರು ಕಲಿಸಿದ ಶಿಷ್ಟಾಚಾರ. ಬಾಯಿಯನ್ನು ಅಗಲಕ್ಕೆ ತೆರೆಯದಿರುವುದು ನೊಂದ ಕೀಲಿಗೂ ಒಳ್ಳೆಯದೇ.

ಇಷ್ಟಾದರೂ ನೋವು ಉಳಿದರೆ, ಅಥವಾ ರಾತ್ರಿ ಹಲ್ಲು ಕಡಿಯುವ ಸದ್ದು ಮನೆಯವರಿಗೆ ಕೇಳಿಸುತ್ತಿದ್ದರೆ, ಸ್ಪ್ಲಿಂಟ್ ಪ್ರಯತ್ನಿಸಬಹುದು. ಆನ್‌ಲೈನಿನಲ್ಲಿ ತರಿಸಿ ಬಿಸಿನೀರಲ್ಲಿ ಅದ್ದಿ ಕಚ್ಚುವಂಥದ್ದು ಬೇಡ. ನಿಮ್ಮದೇ ಹಲ್ಲಿನ ಅಚ್ಚಿನಿಂದ ಮಾಡಿದ್ದು, ಎಲ್ಲ ಹಲ್ಲುಗಳನ್ನೂ ಮುಚ್ಚುವಂಥದ್ದು ಇರಲಿ. ಕೆಲವೇ ಹಲ್ಲುಗಳ ಮೇಲೆ ಕೂರುವ ಸ್ಪ್ಲಿಂಟನ್ನು ಬಹಳ ಕಾಲ ಧರಿಸಿದರೆ ಹಲ್ಲು ಜಾಗ ಬದಲಿಸಬಹುದು. ಸರಿಪಡಿಸಿಕೊಳ್ಳಲು ಮತ್ತೆ ಮತ್ತೆ ತೋರಿಸಬೇಕಾಗುತ್ತದೆ. ದೇವದುರ್ಗ, ಮಾನ್ವಿಯಿಂದ ಬರುವವರು ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಫಜ್ರ್‌ಗೆ ಎದ್ದಾಗ ವುಝೂಗೆ ಮುಂಚೆ ತೆಗೆದು, ತಣ್ಣೀರಿನಲ್ಲಿ ಬ್ರಷ್‌ನಿಂದ ತೊಳೆದಿಡಿ. ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ.

ದವಡೆ ನೋವಿಗೆಂದು ಒಳ್ಳೆಯ ಹಲ್ಲುಗಳನ್ನು ಉಜ್ಜಿ ತೆಳ್ಳಗೆ ಮಾಡುವ, ಕೀಳುವ ಮಾತು ಬಂದರೆ ಮಾತ್ರ ಅಲ್ಲೇ ನಿಲ್ಲಿ. ಉಜ್ಜಿದ ಹಲ್ಲು ಮರಳಿ ಬರುವುದಿಲ್ಲ. ಇನ್ನೊಬ್ಬ ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.

ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ಅಡಿಕೆ, ಗುಟ್ಕಾ ಅಗಿಯುವವರ ಬಾಯಿ ನಿಧಾನವಾಗಿ ಬಿಗಿಯುತ್ತದೆ. ಖಾರ ತಿಂದರೆ ಉರಿಯುತ್ತದೆ. ಇದು ಕೀಲಿನ ತೊಂದರೆಯಲ್ಲ, ಕೆನ್ನೆಯ ಒಳಪದರ ಗಡುಸಾಗುವ ರೋಗ. ಮುಂದೆ ಕ್ಯಾನ್ಸರ್ ಆಗಬಹುದು. ಇದಕ್ಕೆ ಸ್ಪ್ಲಿಂಟ್ ಮದ್ದಲ್ಲ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಿ ನೋಡಿ. ಹೋಗದಿದ್ದರೆ ಚಟ ಬಿಟ್ಟು ಕೂಡಲೇ ತೋರಿಸಿ. ಮನೆಯ ಗಂಡುಮಕ್ಕಳ ಬಾಯಿಯನ್ನೂ ಒಮ್ಮೆ ಹೀಗೆ ನೋಡಿಸಿ. ದವಡೆ ತೆರೆದೋ ಮುಚ್ಚಿಯೋ ಸಿಕ್ಕಿಹಾಕಿಕೊಂಡರೆ, ಊತ ಜ್ವರ ಬಂದರೆ, ಪೆಟ್ಟು ಬಿದ್ದಿದ್ದರೆ ತಡ ಮಾಡಬೇಡಿ. ದವಡೆಯ ಜೊತೆ ಎದೆಯೂ ನೋಯುತ್ತಾ ಬೆವರು ಬಂದರೆ ಅದು ಹೃದಯದ ಸೂಚನೆ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮುಂದಿನ ಹಂತಕ್ಕೆ ರಾಯಚೂರಿನಲ್ಲೇ ಎಎಂಇ ಮತ್ತು ನವೋದಯ ದಂತ ಕಾಲೇಜುಗಳಿವೆ. ‘ವ್ಯಾಯಾಮ ಹೇಳಿಕೊಡುತ್ತೀರಾ? ಸ್ಪ್ಲಿಂಟ್ ಯಾಕೆ ಬೇಕು? ಎಷ್ಟು ತಿಂಗಳು?’ ಈ ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಡಿ.

ಮನೆಯ ಹೆಂಗಸರು ನೋವನ್ನು ಸಹಿಸಿಕೊಂಡೇ ಎಲ್ಲರಿಗೂ ರೊಟ್ಟಿ ಬಡಿಯುತ್ತಾರೆ. ಸಬ್ರ್ ಎಂದರೆ ಚಿಕಿತ್ಸೆ ಬಿಡುವುದಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದ ದೀನ್ ನಮ್ಮದು. ಆ ಹಕ್ಕನ್ನು ಸಲ್ಲಿಸೋಣ. ತಿಳಿದು, ಕೇಳಿ, ಅವಸರಪಡದೆ.