ಚಿನ್ನಕ್ಕೆ ಬಂದ ವಿದ್ಯುತ್ತು, ಊರಿಗೆ ಬಾರದ ಬೆಳಕು

1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು 92 ಮೈಲಿ ಉದ್ದದ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ನಿದರ್ಶನ ಅಂದು ಜಗತ್ತಿನಲ್ಲೇ ವಿರಳವಾಗಿತ್ತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಅನಂತರ, 1905ರಲ್ಲಿ. ಬೇಸಿಗೆಯಲ್ಲೂ ಗಣಿಗೆ ವಿದ್ಯುತ್ ಕಡಿಮೆಯಾಗಬಾರದೆಂಬುದು ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಇವೆಲ್ಲವನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ತಂತಿ ಹಾದು ಬಂದ ದಾರಿಯ ಹಳ್ಳಿಗಳಿಗೆ, ಗಣಿಯ ಆಸುಪಾಸಿನ ಊರುಗಳಿಗೆ ದೀಪ ಬರಲು ಮತ್ತೆ ದಶಕಗಳೇ ಬೇಕಾದವು ಎಂಬುದನ್ನು ಮಾತ್ರ ಹೇಳುವುದಿಲ್ಲ. ವಿದ್ಯುತ್ತು ಬಂದದ್ದು ಚಿನ್ನಕ್ಕಾಗಿ, ಜನರಿಗಾಗಿ ಅಲ್ಲ. 2001ರಲ್ಲಿ ಗಣಿಯೂ ಮುಚ್ಚಿತು.

ಇತಿಹಾಸ ಇದೇ ನೆಲದಲ್ಲಿ ಇನ್ನೊಮ್ಮೆ ಮರುಕಳಿಸಿತು. ಒಡಿಶಾದ ತಾಲ್ಚೇರ್‌ನಲ್ಲಿ ಕಲ್ಲಿದ್ದಲು ಸುಟ್ಟು ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 1,400 ಕಿಲೋಮೀಟರ್ ದೂರ ಸಾಗಿಸಿ ಕೋಲಾರಕ್ಕೆ ತಲುಪಿಸುವ 500 ಕಿಲೋವೋಲ್ಟ್ ಸಾಮರ್ಥ್ಯದ ಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಎರಡು ಸಾವಿರ ಮೆಗಾವಾಟ್ ವಿದ್ಯುತ್ತು ಕೋಲಾರದ ಬಳಿಯ ಕೇಂದ್ರಕ್ಕೆ ಬಂದು, ಅಲ್ಲಿಂದ ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುವ ವ್ಯವಸ್ಥೆಯದು. ಆ ದೈತ್ಯ ಗೋಪುರಗಳ ಕೆಳಗೆ ರಾಗಿ ಬೆಳೆಯುವ ರೈತನ ಹೊಲಕ್ಕೆ ಥ್ರೀ ಫೇಸ್ ವಿದ್ಯುತ್ತು ಬರುವುದು ಮಾತ್ರ ರಾತ್ರಿ ಎಷ್ಟು ಗಂಟೆಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಹಾಗಾದರೆ ಕೊರತೆ ಇರುವುದು ವಿದ್ಯುತ್ತಿಗೋ? ಈ ಪ್ರಶ್ನೆಯನ್ನು ನಮ್ಮ ರಾಜಕಾರಣಿಗಳು ಕೇಳಿಕೊಳ್ಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕಿರುಚಾಡಿ, ಮಳೆ ಬಂದ ವರ್ಷ ಮರೆತುಬಿಡುವುದು ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಸಮಾನವಾಗಿ ಒಲಿದ ಕಲೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಜಲಾಶಯಗಳು ತುಂಬಲಿಲ್ಲ, ರೈತರು ಕೊಳವೆಬಾವಿಗಳಿಗೆ ಮೊರೆಹೋದರು, ಬೇಡಿಕೆ ಏರಿತು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಐದು ಗಂಟೆಯ ವಿದ್ಯುತ್ತೆಂದ ಸರಕಾರ ಪ್ರತಿಭಟನೆಗಳ ಬಳಿಕ ಏಳು ಗಂಟೆ ಎಂದಿತು. ಗಮನಿಸಬೇಕಾದುದೇನೆಂದರೆ, ನೀರಿಲ್ಲದ್ದರಿಂದ ಒಂದೆಡೆ ಜಲವಿದ್ಯುತ್ತು ಕುಗ್ಗಿತು, ಇನ್ನೊಂದೆಡೆ ಅದೇ ನೀರಿಲ್ಲದ್ದರಿಂದ ಬೇಡಿಕೆ ಹಿಗ್ಗಿತು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಹುಟ್ಟುವುದು ಈ ಸೀಮೆಯಲ್ಲೇ ಆದರೂ ಅದರ ಪಾತ್ರದಲ್ಲಿ ನಾವು ಹೆಚ್ಚಾಗಿ ಕಂಡದ್ದು ಮರಳನ್ನೇ. ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿದ್ದರು. ನಾವು ಆ ಕೆರೆಗಳಲ್ಲಿ ಹೂಳು ತುಂಬಲು ಬಿಟ್ಟು, ಅಂಗಳದಲ್ಲಿ ನೀಲಗಿರಿ ನೆಟ್ಟು, ನೀರಿಗಾಗಿ ಭೂಮಿಯನ್ನು ಸಾವಿರ ಅಡಿಗೂ ಆಳಕ್ಕೆ ಕೊರೆದೆವು. ಮುಳಬಾಗಿಲಿನ ಟೊಮೆಟೊ ಹೊಲದಿಂದ ಶ್ರೀನಿವಾಸಪುರದ ಮಾವಿನ ತೋಪಿನವರೆಗೆ ಇದೇ ಕಥೆ. ನೀರು ಆಳಕ್ಕೆ ಇಳಿದಷ್ಟೂ ಅದನ್ನು ಮೇಲೆತ್ತಲು ವಿದ್ಯುತ್ತು ಹೆಚ್ಚು ಬೇಕು, ಮೋಟಾರು ದೊಡ್ಡದಾಗಬೇಕು, ಹೊರೆ ತಾಳದೆ ಟಿ.ಸಿ. ಸುಟ್ಟುಹೋಗಬೇಕು. ರಾತ್ರಿ ಎರಡು ಗಂಟೆಗೆ ಹೊಲಕ್ಕೆ ಹೋಗಿ ಹಾವು ತುಳಿಯುವ ಭಯದಿಂದ ರೈತ ಆಟೋ ಸ್ಟಾರ್ಟರ್ ಹಾಕಿಸಿಕೊಂಡ. ಕರೆಂಟು ಬಂದ ಮರುಕ್ಷಣ ಫೀಡರಿನ ಎಲ್ಲ ಮೋಟಾರುಗಳೂ ಒಟ್ಟಿಗೇ ಎದ್ದು ಕುಳಿತರೆ ಯಾವ ಟಿ.ಸಿ. ಉಳಿದೀತು?

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಈ ಬಾಬ್ತಿನಲ್ಲಿ ಸರಕಾರ ಭರಿಸುವ ಹೊರೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದೆ. ರೈತನಿಗೆ ನೆರವು ಬೇಡವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಒಮ್ಮೆ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ನೆಲಕಚ್ಚಿದ ದಿನ ರೈತನ ಮುಖ ನೋಡಬೇಕು. ಆದರೆ ಅಷ್ಟು ಹಣದ ಒಂದಂಶವಾದರೂ ಕೆರೆಗೆ, ತೂಬಿಗೆ, ರಾಜಕಾಲುವೆಗೆ ಹೋಗಿದ್ದರೆ ರೈತನಿಗೆ ಇಷ್ಟು ವಿದ್ಯುತ್ತೇ ಬೇಕಾಗುತ್ತಿರಲಿಲ್ಲ. ನಮ್ಮ ವಾದ ಇಷ್ಟೆ: ಈ ಜಿಲ್ಲೆಯ ವಿದ್ಯುತ್ ಕೊರತೆಯ ದೊಡ್ಡ ಭಾಗ ಕೆರೆಗಳ ಕೊರತೆ.

ಪರಿಹಾರಗಳೂ ವಿದ್ಯುತ್ತನ್ನೇ ಬೇಡುತ್ತಿವೆ ಎಂಬುದು ವಿಡಂಬನೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪು ಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಮೊದಲು ಲಕ್ಷ್ಮೀಸಾಗರ, ಆಮೇಲೆ ನರಸಾಪುರ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡದ್ದು ನಿಜ. ಆ ನೀರಿನ ಶುದ್ಧತೆಯ ಬಗ್ಗೆ ಜನರಿಗಿರುವ ಆತಂಕವೂ ನಿಜ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಎಂಟು ಸಾವಿರ ಕೋಟಿಯಿಂದ ಆರಂಭವಾದ ಅಂದಾಜು ಇಪ್ಪತ್ತಮೂರು ಸಾವಿರ ಕೋಟಿಯನ್ನು ದಾಟಿದೆ. ಪಶ್ಚಿಮ ಘಟ್ಟದ ನೀರನ್ನು ಬೆಟ್ಟ ಹತ್ತಿಸಲು ಬೇಕಾದ ವಿದ್ಯುತ್ತಿನ ಬಿಲ್ಲನ್ನು ಮುಂದಿನ ಐವತ್ತು ವರ್ಷ ಯಾರು ಕಟ್ಟುವರೆಂದು ಉದ್ಘಾಟನೆಯ ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ.

ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಪೆಲಿಗ್ರ್ ಎಂಬ ಅಣೆಕಟ್ಟೆಯಿದೆ. 1950ರ ದಶಕದಲ್ಲಿ ಆರ್ಟಿಬೊನೀಟ್ ನದಿಗೆ ಅಡ್ಡವಾಗಿ ಕಟ್ಟಿದರು. ರೈತರು ತಮ್ಮ ಕಣಿವೆಯ ಹೊಲಗಳನ್ನು ಕಳೆದುಕೊಂಡರು. ವಿದ್ಯುತ್ತು ರಾಜಧಾನಿಯ ಕಡೆ ಹೋಯಿತು. ಸುತ್ತಲ ಗುಡ್ಡಗಳ ಕಾಡು ಬರಿದಾದಂತೆ ಮಣ್ಣು ಕೊಚ್ಚಿಬಂದು ಜಲಾಶಯದಲ್ಲಿ ಹೂಳು ತುಂಬಿತು, ಉತ್ಪಾದನೆ ಕುಸಿಯಿತು. ನೆರೆಯ ಕ್ಯೂಬಾದಲ್ಲಿ 2024ರ ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಸ್ಥಾವರ ಕೈಕೊಟ್ಟದ್ದೇ ಇಡೀ ದೇಶ ಕತ್ತಲಲ್ಲಿ ಮುಳುಗಿತು. ದೂರದ ಬಡ ದ್ವೀಪಗಳೆಂದು ನಾವು ಮರುಕಪಡಬೇಕಾಗಿಲ್ಲ. ನಮ್ಮ ಕೆರೆಯ ಹೂಳೂ ಹೂಳೇ.

ಸೌರವಿದ್ಯುತ್ತಿನಲ್ಲಿ ಒಂದು ದಾರಿ ಕಾಣುತ್ತಿದೆ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಮೂರು ಮೆಗಾವಾಟ್‌ನ ಘಟಕ ಆರಂಭವಾದಾಗ ದೇಶದಲ್ಲಿ ಅಂಥವು ಬೆರಳೆಣಿಕೆಯಷ್ಟಿದ್ದವು. ಆಮೇಲೆ ದೊಡ್ಡ ಬಂಡವಾಳವೆಲ್ಲ ಪಾವಗಡದ 2,050 ಮೆಗಾವಾಟ್‌ನ ಉದ್ಯಾನಕ್ಕೆ ಹರಿಯಿತು. ಈಗ ಕುಸುಮ್ ಯೋಜನೆಯಡಿ ಉಪಕೇಂದ್ರಗಳ ಬಳಿಯೇ ಸೌರ ಘಟಕ ಸ್ಥಾಪಿಸಿ ಹಗಲು ಹೊತ್ತಿನಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಕೊಡುವ ಕೆಲಸ ನಡೆದಿದೆ. ರೈತ ರಾತ್ರಿ ಮಲಗಬಹುದಾದರೆ ಅದೇ ದೊಡ್ಡ ಉಪಕಾರ. ಆದರೆ ಬಿಸಿಲಿರುವಷ್ಟು ಹೊತ್ತೂ ಪುಕ್ಕಟೆ ನೀರೆತ್ತಬಹುದಾದರೆ ಅಂತರ್ಜಲ ಎಷ್ಟು ವರ್ಷ ಉಳಿದೀತು? ಕೆರೆಯ ಲೆಕ್ಕವಿಲ್ಲದ ಸೌರಫಲಕವೂ ಆಟೋ ಸ್ಟಾರ್ಟರಿನ ತಮ್ಮನೇ.

ಇನ್ನು ಪಟ್ಟಣಗಳ ಮಾತು. ನಮ್ಮ ಮೊಹಲ್ಲಾಗಳ ದುಡಿಮೆಯೆಲ್ಲ ವಿದ್ಯುತ್ತಿನ ಮೇಲೆ ನಿಂತಿದೆ: ವೆಲ್ಡಿಂಗ್ ಅಂಗಡಿ, ಗ್ಯಾರೇಜು, ಮರಗೆಲಸ, ಹೊಲಿಗೆ, ರೇಷ್ಮೆ ನೂಲು ಬಿಚ್ಚುವ ಮನೆ. ಬಿಸಿನೀರಿನಲ್ಲಿ ಬೆಂದ ಗೂಡು ಕರೆಂಟು ಬರಲೆಂದು ಕಾಯುವುದಿಲ್ಲ. ಹೆಚ್ಚು ಬೆಂದರೆ ಎಳೆ ಕಡಿಯುತ್ತದೆ, ನೂಲಿನ ದರ ಇಳಿಯುತ್ತದೆ, ಅಂದಿನ ಕೂಲಿಗೆ ಕತ್ತರಿ ಬೀಳುತ್ತದೆ. ಮಾಲೂರಿನ ದೊಡ್ಡ ಕಾರ್ಖಾನೆಗೆ ಜನರೇಟರಿದೆ. ಪಕ್ಕದ ಓಣಿಯ ಲೇತ್ ಅಂಗಡಿಗೆ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಮನೆಯ 200 ಯೂನಿಟ್‌ವರೆಗಿನ ಬಿಲ್ಲನ್ನು ಇಳಿಸಿತು, ಅದು ಸಣ್ಣ ಸಮಾಧಾನವಲ್ಲ. ಆದರೆ ಆ ಮನೆಯ ಯಜಮಾನನ ಅಂಗಡಿಯ ಮೀಟರಿಗೆ ಅದು ಅನ್ವಯಿಸುವುದಿಲ್ಲ.

ನಾವು ಮದ್ರಸಾದಲ್ಲಿದ್ದಾಗ ಮಗ್ರಿಬ್ ನಮಾಝಿನ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಲಾಂದ್ರದ ಸುತ್ತ ಕುಳಿತು ಪಾಠ ಒಪ್ಪಿಸುತ್ತಿದ್ದೆವು. ಅದೇ ಓಣಿಯ ಮದುವೆ ಮನೆಯೊಂದು ಕಂಬದ ತಂತಿಗೆ ಕೊಕ್ಕೆ ಹಾಕಿ ಮೂರು ರಾತ್ರಿ ಝಗಮಗಿಸಿತು. ಕೊನೆಯ ರಾತ್ರಿ ಟಿ.ಸಿ. ಸುಟ್ಟು ಇಡೀ ಓಣಿ ವಾರದ ಕಾಲ ಕತ್ತಲಲ್ಲಿತ್ತು. ನಮ್ಮ ಹೌಝಿನಲ್ಲಿ ವುಝೂಗೆ ನೀರಿರಲಿಲ್ಲ. ಯಾರೂ ಆ ಮನೆಯವರನ್ನು ಪ್ರಶ್ನಿಸಲಿಲ್ಲ, ಬಹುಶಃ ಎಲ್ಲರೂ ಬಿರಿಯಾನಿ ಉಂಡವರೇ ಆಗಿದ್ದರಿಂದ. ಇಂದೂ ಮದುವೆ, ಉರೂಸ್, ಮೀಲಾದ್‌ಗಳ ದೀಪಾಲಂಕಾರಕ್ಕೆ ತಾತ್ಕಾಲಿಕ ಸಂಪರ್ಕದ ಶುಲ್ಕ ಕಟ್ಟುವವರೆಷ್ಟು, ಕೊಕ್ಕೆ ಹಾಕುವವರೆಷ್ಟು ಎಂದು ಜಮಾಅತಿನ ಹಿರಿಯರು ತಮ್ಮತಮ್ಮ ಓಣಿಯಲ್ಲೇ ನೋಡಿಕೊಳ್ಳಬಹುದು. ಕದ್ದ ವಿದ್ಯುತ್ತಿನ ಬೆಳಕಿನಲ್ಲಿ ನಿಕಾಹ್ ಓದಿಸುವುದು ಎಂಥ ಸಂಭ್ರಮ?

ವಿದ್ಯುತ್ ದರ ಪರಿಷ್ಕರಿಸುವ ಮುನ್ನ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ, ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಬರೆದು ಸಲ್ಲಿಸಬಹುದು. ದೊಡ್ಡ ಉದ್ಯಮಗಳ ಸಂಘಗಳು ವಕೀಲರೊಂದಿಗೆ ಅಲ್ಲಿಗೆ ಹೋಗುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೂಲು ಬಿಚ್ಚುವವರು, ವೆಲ್ಡಿಂಗ್‌ನವರು, ದರ್ಜಿಗಳು ಒಂದು ಹಾಳೆಯಲ್ಲಿ ಎರಡೇ ಬೇಡಿಕೆ ಬರೆಯಲಿ: ವಿದ್ಯುತ್ ಕಡಿತದ ವೇಳೆಯನ್ನು ಮುನ್ನಾದಿನವೇ ತಿಳಿಸಬೇಕು, ಸುಟ್ಟ ಟಿ.ಸಿ.ಯನ್ನು ಗೊತ್ತಾದ ಅವಧಿಯೊಳಗೆ ಬದಲಿಸಬೇಕು. ಕಂದಾಯ ಇಲಾಖೆಗೆ ಕೊಡಲು ಮೂರನೆಯದೂ ಒಂದಿದೆ: ತಮ್ಮೂರಿನ ಕೆರೆಯ ಒತ್ತುವರಿಯ ಅಳತೆ. ಅರ್ಜಿಗೆ ಸಹಿ ಹಾಕುವಾಗ ಒತ್ತುವರಿ ಮಾಡಿದವರಲ್ಲಿ ನಮ್ಮವರೂ ಇದ್ದಾರೆಯೇ ಎಂದು ನೋಡಿಯೇ ಹಾಕಲಿ.